ಪುಕ್ಕಲನಿಗೆ ಎರಡೇ ಕಡಲೆಬೀಜ

ಬೀಜ ಹುರಿಯುವ ಅಂಗಡಿಯಲ್ಲಿ ಮೊದಲ ಹಿಡಿ ಗಿರಾಕಿಗಲ್ಲ, ಹುರಿಯುವವನಿಗೆ. ಬಾಣಲೆ ಇಳಿಸುವ ಮುಂಚೆ ಸೌಟಿನಿಂದ ಒಂದು ಹಿಡಿ ಎತ್ತಿ, ಅಂಗೈ ಮೇಲೆ ಸುರಿದುಕೊಂಡು, ಉಫ್ ಎಂದು ಊದಿ, ಮೂಗಿನ ಹತ್ತಿರ ತಂದು, ಒಂದನ್ನು ಬಾಯಿಗೆ ಹಾಕಿಕೊಳ್ಳಬೇಕು. ಸರಿಯಿದ್ದರೆ ಬಾಣಲೆ ತಗಡಿನ ಮೇಲೆ ಬೋರಲು; ಇಲ್ಲದಿದ್ದರೆ ಇನ್ನೂ ನಾಲ್ಕು ಸುತ್ತು ಸೌಟು ಆಡಬೇಕು. ಗಡಿಯಾರ ನೋಡಿ ಹುರಿಯುತ್ತೇನೆ ಎನ್ನುವವರೂ ಇದ್ದಾರೆ, ಇರಲಿ ಪಾಪ. ಗೋಡಂಬಿ ಹದಕ್ಕೆ ಬಂದದ್ದು ಗಡಿಯಾರಕ್ಕೆ ಹೇಗೆ ಗೊತ್ತಾಗಬೇಕು?

ಸಾಹುಕಾರರೊಬ್ಬರ ಅಂಥ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಈ ಮೊದಲ ಹಿಡಿಯ ಅಧಿಕಾರ ಮೂಗಣ್ಣನದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಹಿಡಿದು ಕರೆಯುವವರು ಈಗ ಯಾರೂ ಇರಲಿಲ್ಲ. ಮೂಟೆಯ ಬಾಯಿ ಬಿಚ್ಚುತ್ತಿದ್ದಂತೆ, ಬಾಗಿಲಲ್ಲಿ ನಿಂತೇ, "ತಳದಲ್ಲಿ ಮುಗ್ಗಲು ಹಿಡಿದಿದೆ, ವಾಪಸ್ ಕಳಿಸಿ" ಎನ್ನುವ ಮೂಗು ಅವನದು. ಅದಕ್ಕೇ ಆ ಅಡ್ಡಹೆಸರು. ಮಾತೂ ಕಡಿಮೆಯಾದ್ದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತಿತ್ತು. ಕೋಣೆಗೆ ಒಂದೇ ಬಾಗಿಲು, ಒಂದೇ ಕಿಟಕಿ, ಎರಡೂ ಹಿಂದಿನ ಓಣಿಯ ಕಡೆಗೆ. ಎರಡು ಒಲೆ, ಎರಡು ಕಬ್ಬಿಣದ ಬಾಣಲೆ, ಅಂಚು ಸೊಟ್ಟಗಾದ ತಗಡುಗಳು, ಗೋಡೆಗೆ ಒರಗಿಸಿದ ಜರಡಿ. ತಗಡಿನ ಆಚೆ ತಕ್ಕಡಿ ಇಟ್ಟುಕೊಂಡು ಪೊಟ್ಟಣ ಕಟ್ಟುವ ಅಕ್ಕ ಕೂರುತ್ತಿದ್ದಳು. ಅವನು ಆಡದ ಮಾತನ್ನೆಲ್ಲ ಅವಳೇ ಆಡಿ ಲೆಕ್ಕ ಸರಿದೂಗಿಸುತ್ತಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮೂಗಣ್ಣನ ಹೆಂಡತಿ ಓಣಿಯ ಕಡೆಯಿಂದ ಬರುತ್ತಿದ್ದಳು. ಅವಳ ಕಾಲಿಗೆ ಅಂಟಿಕೊಂಡಂತೆ ಒಂದು ಕಂದು ನಾಯಿ. ಚರಂಡಿ ಪಕ್ಕ ಸಿಕ್ಕ ಮರಿ, ಬೆಳೆದು ಒಳ್ಳೆ ಮೈಕಟ್ಟಿನ ನಾಯಿಯೇ ಆಗಿತ್ತು, ಆದರೆ ಧೈರ್ಯ ಮಾತ್ರ ಮರಿಯಷ್ಟರಲ್ಲೇ ನಿಂತುಬಿಟ್ಟಿತ್ತು. ಕುಕ್ಕರ್ ಕೂಗಿದರೆ ಮಂಚದ ಕೆಳಗೆ, ಪಕ್ಕದ ಮನೆಯವರು ಜೋರಾಗಿ ಸೀನಿದರೆ ಬಚ್ಚಲಿಗೆ. ಪುಕ್ಕಲ ಎಂದು ಹೆಸರಿಟ್ಟವಳು ಅವಳೇ, ಹಾಗೆ ಕರೆಯುತ್ತಿದ್ದವಳೂ ಅವಳೊಬ್ಬಳೇ. "ಪುಕ್ಕಲಾ..." ಎಂದು ಕೊನೆಯಲ್ಲಿ ಉದ್ದಕ್ಕೆ ಎಳೆದಳೆಂದರೆ ಎಲ್ಲಿದ್ದರೂ ಎದ್ದುಬಿದ್ದು ಓಡಿ ಬರುತ್ತಿತ್ತು. ಮೂಗಣ್ಣನ ಪಾಲಿಗೆ ಅದು "ಏಯ್", ಅಷ್ಟೇ.

ಒಮ್ಮೆ ಆ ನಾಯಿ ಕೆಳಗೆ ಚೆಲ್ಲಿದ್ದ ಉಪ್ಪು ಹಚ್ಚಿದ ಗೋಡಂಬಿಯನ್ನು ಗುಡಿಸಿ ಹಾಕಿದ ಹಾಗೆ ತಿಂದು, ಮನೆ ತುಂಬ ವಾಂತಿ ಮಾಡಿಕೊಂಡಿತು. ಹೆಂಡತಿ ಅದನ್ನು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಎತ್ತಿಕೊಂಡು ಹೋಗಿ, ಬೈಸಿಕೊಂಡು, ನೇರ ಅಂಗಡಿಗೆ ಬಂದವಳೇ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ರೀ, ಸರಿಯಾಗಿ ಕೇಳಿಸ್ಕೊಳ್ಳಿ. ಎರಡೇ ಎರಡು ಕಡಲೆಬೀಜ. ಉಪ್ಪಿರಬಾರದು, ಖಾರ ಇರಬಾರದು, ಸಿಪ್ಪೆ ತೆಗೆದಿರಬೇಕು. ಬಾದಾಮಿ ಬೇಡ. ಅಗಿಯೋದಿಲ್ಲ ಮುಂಡೇದು, ಹಾಗೇ ನುಂಗಿ ಗಂಟಲಿಗೆ ಸಿಕ್ಕಿಸ್ಕೊಳ್ಳತ್ತೆ. ಬೇರೆ ಯಾವ ಬೀಜಾನೂ ಕೇಳದೆ ಕೊಡಬೇಡಿ."

"ಯಾರನ್ನ ಕೇಳೋದು?"

"ಯಾರನ್ನ ಅಂದ್ರೆ? ನನ್ನನ್ನ!"

ಪೊಟ್ಟಣದಕ್ಕ ಬಿದ್ದೂ ಬಿದ್ದೂ ನಕ್ಕಳು. ಅಂದಿನಿಂದ ಊಟವಾದ ಮೇಲೆ ಪುಕ್ಕಲನಿಗೆ ಎರಡು ಕಡಲೆಬೀಜ, ಅದೂ ಅವಳ ಕೈಯಿಂದಲೇ.

ಆಮೇಲೆ ಗಂಡಹೆಂಡಿರಿಬ್ಬರಿಗೂ ಒಟ್ಟಿಗೆ ಜ್ವರ ಬಂತು. ಒಂದೇ ಆಸ್ಪತ್ರೆ, ಬೇರೆ ಬೇರೆ ವಾರ್ಡು. ಅವನು ಮನೆಗೆ ಬಂದ, ಅವಳು ಬರಲಿಲ್ಲ. ಅಂತ್ಯಕ್ರಿಯೆಯ ಎಲ್ಲ ಕೆಲಸವೂ ಆಸ್ಪತ್ರೆಯ ಕಡೆಯಿಂದಲೇ ಮುಗಿದುಹೋಯಿತು. ನಾಯಿ ಕಂಡದ್ದು ಇಷ್ಟೇ: ಅವಳು ಬಾಗಿಲು ದಾಟಿ, ಗಾಡಿ ಹತ್ತಿ, ಓಣಿಯ ತಿರುವಿನಲ್ಲಿ ಮರೆಯಾದದ್ದು.

ಮೂಗಣ್ಣ ಅಳಲಿಲ್ಲ. ನೆಂಟರು ಬಂದು ಅವನ ಮುಖವನ್ನೇ ನೋಡುತ್ತಾ ಕೂತರು. ಜನಕ್ಕೇನು, ಎರಡು ಹನಿ ಕಣ್ಣೀರು ಕಂಡರೆ ನೆಮ್ಮದಿಯಾಗಿ ಎದ್ದು ಹೋಗುತ್ತಾರೆ. ಕಾಣದಿದ್ದರೆ, "ಕಲ್ಲು ಕಣ್ರೀ, ಕಲ್ಲು" ಎಂದು ಬಾಗಿಲಾಚೆ ಪಿಸುಗುಟ್ಟುತ್ತಾರೆ. ಅವನಿಗೆ ಅದು ಕೇಳಿಸಿತು, ಬೇಜಾರೂ ಆಗಲಿಲ್ಲ. ಬೇಜಾರಾಗಬೇಕಾದ ಜಾಗಕ್ಕೆ ಜೋಮು ಹಿಡಿದಿತ್ತು. ಬಹಳ ಹೊತ್ತು ಮಡಿಸಿ ಕೂತ ಕಾಲನ್ನು ಚಿವುಟಿದರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಹಾಗೆ. ಬೆಳಿಗ್ಗೆ ಏಳುತ್ತಿದ್ದ, ಹಲ್ಲುಜ್ಜುತ್ತಿದ್ದ, ಬೀಗ ಹಾಕುತ್ತಿದ್ದ. ಯಾರು ವಿಚಾರಿಸಿದರೂ, "ಹೂಂ, ಹೋಗ್ಬಿಟ್ಟಳು" ಎನ್ನುತ್ತಿದ್ದ, ಗೋಡಂಬಿ ಮುಗಿದುಹೋಗಿದೆ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ.

ಕೆಲಸಕ್ಕೆ ಮರಳಿದ ದಿನ ಮೊದಲ ಹಿಡಿ ಎತ್ತಿ ಊದಿ ಮೂಗಿಗೆ ತಂದ. ಏನೂ ಇಲ್ಲ. ಬಾಯಿಗೆ ಹಾಕಿಕೊಂಡ. ಹಲಗೆಯ ಚೂರು ಅಗಿದಂತಾಯಿತು. ಇನ್ನೊಂದು ಬಾಣಲೆ, ಅದೂ ಅಷ್ಟೇ. ಜ್ವರದಲ್ಲಿ ಅವನ ಮೂಗೂ ಹೋಗಿತ್ತು. ಆಸ್ಪತ್ರೆಯವರು, "ಬರಬಹುದು, ಬರದೇನೂ ಇರಬಹುದು" ಎಂದು ಕೈತೊಳೆದುಕೊಂಡರು. ಮೂಗೇ ಇಲ್ಲದ ಮೂಗಣ್ಣ! ಅದನ್ನು ಹೋಗಿ ಯಾರಿಗೆ ಹೇಳುವುದು? ಅವನು ಉಸಿರೆತ್ತಲಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನಾಯಿಯೂ ಅವನ ಹಿಂದೆ ಅಂಗಡಿಗೆ ಬರತೊಡಗಿತ್ತು. ಒಲೆಯಿಂದ ದೂರ, ಬಾಗಿಲ ಹತ್ತಿರ, ಓಣಿಯ ಕಡೆ ಮುಖ ಮಾಡಿ ಮಲಗುತ್ತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ. ಬೇಕೆಂದಲ್ಲ, ನೋಡಿದರೆ ಅದರ ಪಕ್ಕದಲ್ಲಿ ಅವಳ ಎರಡು ಕಾಲು ಕಾಣಬೇಕಿತ್ತು, ಕಾಣುತ್ತಿರಲಿಲ್ಲ. ತಟ್ಟೆಗೆ ಅನ್ನ ಹಾಕುತ್ತಿದ್ದ, ನೀರಿಡುತ್ತಿದ್ದ, ಮುಖ ತಿರುಗಿಸುತ್ತಿದ್ದ.

ಒಂದು ದಿನ ಕೈಯಲ್ಲಿ ಮೊದಲ ಹಿಡಿ ಹಿಡಿದು, ಸರಿಯೋ ತಪ್ಪೋ ತಿಳಿಯದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಒಂದು ಬೀಜ ಜಾರಿ ಕೆಳಗೆ ಬಿತ್ತು. ನಾಯಿ ಬಂದು ಮೂಸಿ ಮುಖ ತಿರುಗಿಸಿತು. ಮೂಗಣ್ಣ ಬೀಜ ಸೀಳಿ ನೋಡಿದ. ಒಳಗೆ ಕಂದು ತಿರುಗಿತ್ತು. ಅರೆ! ಸೀದು ಹೋಗಿದೆ! ಮುಂದಿನ ಬಾಣಲೆಯಿಂದ ಇನ್ನೊಂದು ಕೊಟ್ಟ. ನಾಯಿ ಗಬಕ್ಕನೆ ತಿಂದಿತು. ಅದೇ ಬಾಣಲೆಯ ಮತ್ತೊಂದನ್ನು ಸೀಳಿ ನೋಡಿದ. ಒಳಗೆ ಬೆಣ್ಣೆಯ ಬಣ್ಣ.

ಅಲ್ಲಿಂದ ಮೊದಲ ಹಿಡಿ ನಾಯಿಗೆ ಹೋಯಿತು. ಬಾಣಲೆ ಇಳಿಸುವ ಮುಂಚೆ ಕುಕ್ಕರುಗಾಲಲ್ಲಿ ಕೂತು, ಅಂಗೈ ಚಾಚಿ, ನಾಯಿಯ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅದು ತಿಂದರೆ ಮಾಲು ಪಾಸು. ಮುಖ ತಿರುಗಿಸಿದರೆ ಆ ಬಾಣಲೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸುರಿದು ಬೇರೆ ಹುರಿಯುತ್ತಿದ್ದ. ಕಡಲೆಬೀಜವಾಯಿತು, ಗೋಡಂಬಿಯಾಯಿತು, ಬಾದಾಮಿಯೂ ಆಯಿತು. ಎರಡೇ ಎರಡು ಎಂಬ ಮಾತು ಅವನಿಗೆ ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು. ಆದರೆ ಬೇರೆ ಬೀಜ ಕೊಡುವ ಮುಂಚೆ ಕೇಳಬೇಕಾದವಳು ಇರಲಿಲ್ಲ, ಇನ್ಯಾರನ್ನೋ ಕೇಳುವ ಮನಸ್ಸೂ ಇರಲಿಲ್ಲ. ನಾಯಿಯೇನೋ ದಿನದಿಂದ ದಿನಕ್ಕೆ ದಪ್ಪಗಾಯಿತು. "ಅಣ್ಣಾ, ನಿನ್ನ ನಾಯಿ ಸಾಹುಕಾರ್ರ ಹಾಗೆ ಹೊಟ್ಟೆ ಬಿಟ್ಕೊಂಡಿದೆ ನೋಡು" ಎಂದು ಪೊಟ್ಟಣದಕ್ಕ ಕೀಟಲೆ ಮಾಡಿದರೆ ಅವನು, "ಹೂಂ" ಎಂದ.

ಹೀಗಿರುವಾಗ ಸಾಹುಕಾರರು ಹೊಸ ಮಾಲು ತರಿಸಿದರು. ಡಬ್ಬದ ಮೇಲೆ ಮೆಕಡೇಮಿಯ ಎಂದಿತ್ತು. ಗುಂಡಗೆ, ಬೆಳ್ಳಗೆ, ಮಕ್ಕಳಾಡುವ ಗೋಲಿಯಂತಿದ್ದದ್ದರಿಂದ ಪೊಟ್ಟಣದಕ್ಕ ಅದಕ್ಕೆ ಗೋಲಿಬೀಜ ಎಂದು ಹೆಸರಿಟ್ಟಳು.

"ನೋಡಪ್ಪಾ, ಇದು ಭಾರಿ ದುಬಾರಿ ಮಾಲು," ಎಂದರು ಸಾಹುಕಾರರು. "ಎಣ್ಣೆ ಜಾಸ್ತಿ, ಬೇಗ ಸೀಯುತ್ತಂತೆ. ಸ್ವಲ್ಪ ಸ್ವಲ್ಪಾನೇ ಹುರಿ. ನಿನ್ನ ಮೂಗಿನ ಮೇಲೆ ನಂಬಿಕೆ ಇಟ್ಟು ತರಿಸಿದೀನಿ."

ನಂಬಿಕೆ ಇಟ್ಟ ಜಾಗ ಖಾಲಿ ಎಂದು ಪಾಪ ಅವರಿಗೇನು ಗೊತ್ತು. ಮೂಗಣ್ಣ ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪವೇ ಹುರಿದ. ಸ್ವಲ್ಪ ಸ್ವಲ್ಪ ಹುರಿದರೆ ಬಾಣಲೆಗಳು ಜಾಸ್ತಿ. ಬಾಣಲೆ ಜಾಸ್ತಿಯಾದರೆ ಮೊದಲ ಹಿಡಿಯೂ ಜಾಸ್ತಿ. ಪ್ರತಿ ಸಲವೂ ಕೂತ, ಅಂಗೈ ಚಾಚಿದ, ಆ ಮುಖ ನೋಡಿದ. ನಾಯಿ ಬಾಲ ಆಡಿಸುತ್ತಾ ಒಂದೂ ಬಿಡದೆ ತಿಂದಿತು. ಎಂಥ ಒಳ್ಳೆ ಮಾಲು ಎಂದುಕೊಂಡ.

ಸಂಜೆ ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ, "ಏಯ್" ಎಂದ. ನಾಯಿ ಮುಂಗಾಲು ಊರಿತು. ಹಿಂಗಾಲು ಬರಲಿಲ್ಲ. ಇನ್ನೊಮ್ಮೆ ಏಳಲು ಹೋಗಿ, ಸೊಂಟ ಕುಸಿದು, ಪಕ್ಕಕ್ಕೆ ಬಿತ್ತು. ಮೈ ನಡುಗುತ್ತಿತ್ತು. ಬಿದ್ದಲ್ಲೇ ವಾಂತಿ ಮಾಡಿತು.

"ಅಯ್ಯಯ್ಯೋ, ಅಣ್ಣಾ! ಸೊಂಟಾನೇ ಬಿದ್ದೋಗಿದೆಯಲ್ಲೋ!" ಎಂದು ಪೊಟ್ಟಣದಕ್ಕ ಬಾಯಿ ಬಾಯಿ ಬಡಿದುಕೊಂಡಳು. ಮೂಗಣ್ಣ ಬೀಗದ ಕೈ ಹಿಡಿದು ನಿಂತೇ ಇದ್ದ. ಎದೆ ಧಸಕ್ ಎನ್ನಬೇಕಿತ್ತು, ಅನ್ನಲಿಲ್ಲ. ಇದೂ ಹೋಗುತ್ತದೆ ಎಂಬ ಒಂದು ಯೋಚನೆ ಬಂತು, ಬಂದು ಸುಮ್ಮನೆ ಅಲ್ಲೇ ನಿಂತುಕೊಂಡಿತು. ಕೊನೆಗೆ ಸಾಹುಕಾರರೇ ಗಲ್ಲಾ ಬಿಟ್ಟು ಓಡಿ ಬಂದು, "ಏನು ಮರದ ಹಾಗೆ ನಿಂತಿದೀಯ, ಎತ್ತಯ್ಯಾ!" ಎಂದು ಗದರಿ, ಮಾಲು ಸಾಗಿಸುವ ವ್ಯಾನಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೊರಟರು.

ಪ್ರಾಣಿಗಳ ಆಸ್ಪತ್ರೆಯಲ್ಲಿದ್ದದ್ದು ಅದೇ ಡಾಕ್ಟರಮ್ಮ. ನಾಯಿಯ ಗುರುತು ಸಿಕ್ಕಿತು. "ಅಮ್ಮ ಬರಲಿಲ್ವಾ?" ಎಂದು ಕೇಳಿದರು.

"ಹೋಗ್ಬಿಟ್ಟಳು," ಎಂದ ಮೂಗಣ್ಣ.

ಡಾಕ್ಟರಮ್ಮ ನಾಯಿಯ ಹಿಂಗಾಲನ್ನು ಒತ್ತತೊಡಗಿದರು. "ಏನು ತಿಂತು?"

"ಬೀಜ."

"ಯಾವ ಬೀಜ ಯಜಮಾನ್ರೇ? ದ್ರಾಕ್ಷಿಗೀಕ್ಷಿ ಸೇರಿತ್ತಾ? ಹಳೇದಾ, ಮುಗ್ಗಲು ಹಿಡಿದಿತ್ತಾ? ಎಷ್ಟು ತಿಂತು? ಸರಿಯಾಗಿ ಹೇಳಿ, ಅದರ ಮೇಲೇ ಮುಂದಿನ ಔಷಧಿ."

ಸಾಹುಕಾರರು ಪಕ್ಕದಲ್ಲೇ ನಿಂತಿದ್ದರು. ಒಂದೋ ಎರಡೋ ಬಿದ್ದದ್ದನ್ನು ತಿಂದಿರಬೇಕು ಎಂದರೆ ಮುಗಿಯುತ್ತಿತ್ತು, ಗುಟ್ಟು ಗುಟ್ಟಾಗಿಯೇ ಇರುತ್ತಿತ್ತು. ಮೇಜಿನ ಮೇಲೆ ನಾಯಿ ಅವನನ್ನೇ ನೋಡುತ್ತಿತ್ತು.

"ಮೆಕಡೇಮಿಯ," ಎಂದ. "ಬೆಳಿಗ್ಗೆಯಿಂದ ಪ್ರತಿ ಬಾಣಲೆಗೂ ಒಂದು ಹಿಡಿ. ದ್ರಾಕ್ಷಿ ಇರಲಿಲ್ಲ. ಮುಗ್ಗಲು ಹಿಡಿದಿತ್ತೋ ಏನೋ ನಂಗೆ ಗೊತ್ತಾಗಲ್ಲ. ನಂಗೆ ವಾಸನೆ ಬರಲ್ಲ ಅಮ್ಮಾ. ರುಚೀನೂ ಇಲ್ಲ. ಜ್ವರ ಬಂದಾಗಿನಿಂದ. ಇಷ್ಟು ತಿಂಗಳೂ ಗೋಡಂಬಿ, ಬಾದಾಮಿ ಎಲ್ಲಾ ಇದರ ಕೈಲೇ ರುಚಿ ನೋಡಿಸ್ತಿದ್ದೆ."

ಸಾಹುಕಾರರ ಬಾಯಿ ಬಿಟ್ಟದ್ದು ಬಿಟ್ಟ ಹಾಗೇ ಇತ್ತು. "ಅಂದ್ರೆ... ಇಷ್ಟು ದಿನ ನನ್ನ ಅಂಗಡಿ ಮಾಲು ಪಾಸು ಮಾಡಿದ್ದು ಈ ನಾಯೀನಾ?" ಎಂದವರು, ನಡುವೆ ಬೇರೇನೋ ನೆನಪಾಗಿ, "ಮುಗ್ಗಲು ಇರಲಿಲ್ಲ ಡಾಕ್ಟ್ರೇ, ಡಬ್ಬ ಒಡೆದಾಗ ನಾನೇ ಮೂಸಿದೀನಿ" ಎಂದು ಸೇರಿಸಿದರು.

"ಸದ್ಯ, ಅದೊಂದು ಪುಣ್ಯ," ಎಂದರು ಡಾಕ್ಟರಮ್ಮ. "ನೋಡಿ, ಈ ಬೀಜ ನಮಗೆ ಏನೂ ಮಾಡಲ್ಲ, ನಾಯಿಗೆ ಮಾತ್ರ ವಿಷ. ಹಿಂಗಾಲು ಸೋತುಹೋಗತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಸರಿಹೋಗತ್ತೆ. ಆದರೆ ಇದು ತಿಂಗಳುಗಟ್ಟಲೆ ಗೋಡಂಬಿ ಬಾದಾಮಿ ಅಂತ ಬರೀ ಕೊಬ್ಬು ತಿಂದಿದೆ. ಹೊಟ್ಟೆ ಒಳಗೆ ಬೇರೇನಾದ್ರೂ ಕೆಟ್ಟಿದ್ರೆ ಕಷ್ಟ. ನಾಳೆ ಸಂಜೆಯೊಳಗೆ ತಾನಾಗಿ ಎದ್ದು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಕರ್ಕೊಂಡು ಬನ್ನಿ. ಆಗ ನಾನೇನೂ ಮಾತು ಕೊಡೋಕಾಗಲ್ಲ."

ಸೂಜಿ ಚುಚ್ಚಿ, ಸಲೈನ್ ಹಾಕಿ, ಕೈ ತೊಳೆಯುತ್ತಾ ಅವರು ಮತ್ತೆ ಕೇಳಿದರು: "ಅಲ್ಲಾ, ನಾಯಿ ಕೈಲಿ ರುಚಿ ನೋಡಿಸೋ ಯೋಚನೆ ಹೇಗೆ ಬಂತು ನಿಮಗೆ?"

"ಸೀದಿದ್ರೆ ಮುಖ ತಿರುಗಿಸ್ತಿತ್ತು."

"ಹೊಟ್ಟೆ ತುಂಬಿದ್ರೆ ತಿರುಗಿಸಿರತ್ತೆ!" ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಕಸದ ತೊಟ್ಟಿ ನೆಕ್ಕೋ ಜಾತಿ ಯಜಮಾನ್ರೇ ಇವು. ಸೀದದ್ದು, ಹಳಸಿದ್ದು, ಎಲ್ಲಾ ತಿಂತಾವೆ. ನೀವು ಹುರಿದದ್ದು ಸರಿಯಾಗೇ ಇತ್ತು ಅಂದ್ರೆ ಅದು ನಿಮ್ಮ ಕೈ. ಇದಕ್ಕೇನು ಗೊತ್ತು? ಕೊಡೋವಾಗ ನೀವು ಇದರ ಮುಖ ನೋಡ್ತಿದ್ರಾ?"

"ಅದನ್ನೇ ನೋಡ್ತಿದ್ದೆ."

"ಬೇರೆ ಹೊತ್ತಲ್ಲಿ?"

ಮೂಗಣ್ಣ ಮೇಜಿನ ಕಡೆಯಿಂದ ಮುಖ ತಿರುಗಿಸಿದ.

"ಅಷ್ಟಕ್ಕೇ ತಿಂದಿರತ್ತೆ," ಎಂದರು ಡಾಕ್ಟರಮ್ಮ, ಈಗ ನಗದೆ. "ನೀವು ನೋಡ್ತೀರಿ ಅಂತ."

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ನಡುಮನೆಯಲ್ಲಿ ಹಳೆಯ ಕಂಬಳಿಯ ಮೇಲೆ ನಾಯಿ, ಎದುರಿಗೆ ಗೋಡೆಗೊರಗಿ ಅವನು. ಬೆಳಿಗ್ಗೆ ಚಮಚದಲ್ಲಿ ನೀರು ಕುಡಿಸಿದ. ಹಿಂಗಾಲನ್ನು ಹಿಡಿದು ಮಡಿಸಿ ಬಿಡಿಸಿದ, ಬಿಟ್ಟ ಕೂಡಲೇ ತೊಪ್ಪೆಂದು ಬಿತ್ತು. ಡಾಕ್ಟರಮ್ಮನ ಮಾತು ತಲೆಯೊಳಗೆ ಸುತ್ತುತ್ತಿತ್ತು. ಇಷ್ಟು ತಿಂಗಳು ಈ ಮನೆಯಲ್ಲಿ ಅವನ ಜೊತೆ ಇನ್ನೊಂದು ಜೀವವಿತ್ತು, ಅದು ಅವನ ಒಂದು ನೋಟಕ್ಕಾಗಿ ಬೇಕೋ ಬೇಡವೋ ಕೊಟ್ಟದ್ದನ್ನೆಲ್ಲ ನುಂಗಿತ್ತು. ಇದು ಅವನಿಗೆ ಅರ್ಥವಾಯಿತು. ಅರ್ಥವಾದರೂ ಎದೆಯಲ್ಲಿ ಏನೂ ಅಲುಗಲಿಲ್ಲ. ತನ್ನ ಮೇಲೇ ತನಗೆ ಹೇಸಿಗೆ ಬರಬೇಕಿತ್ತು, ಅದಕ್ಕೂ ಶಕ್ತಿಯಿರಲಿಲ್ಲ. ಇವತ್ತು ಮಾತ್ರ ಅವನು ಮುಖ ತಿರುಗಿಸಲಿಲ್ಲ. ಮೂತಿಯ ಸುತ್ತ ಬೆಳ್ಳಗಾಗಿತ್ತು ನಾಯಿಗೆ. ಯಾವಾಗ ಆಯಿತೋ ಏನೋ.

ಮಧ್ಯಾಹ್ನ ಪೊಟ್ಟಣದಕ್ಕ ಡಬ್ಬಿ ಹಿಡಿದು ಬಂದಳು. "ಊಟ ಮಾಡಣ್ಣಾ, ಗೋಡೆ ನೋಡ್ತಾ ಕೂತ್ರೆ ಗೋಡೆ ಅನ್ನ ಹಾಕತ್ತಾ? ಸಾಹುಕಾರ್ರು ಹೇಳಿ ಕಳಿಸಿದ್ದಾರೆ. ರಾತ್ರಿಯೆಲ್ಲಾ ಕೂಗಾಡಿದ್ರಂತೆ, ಬೆಳಿಗ್ಗೆ ತಣ್ಣಗಾಗಿದ್ದಾರೆ. 'ಹುರಿಯೋನು ಬಂದು ಹುರೀಲಿ, ಮೂಸೋಕೆ ನಾನಿದೀನಿ. ನಾಯಿಗಿಂತ ಕಡಿಮೇನಾ ನಾನು?' ಅಂದ್ರು. ನಾನು ಬಾಯಿ ಮುಚ್ಕೊಂಡಿದ್ದೆ, ಯಾಕೆ ಬೇಕು!"

ಅವನ ಮುಖದಲ್ಲಿ ನಗು ಬರಲಿಲ್ಲ. ಅವಳು ಕಂಬಳಿಯ ಹತ್ತಿರ ಕೂತು ನಾಯಿಯ ಕಿವಿ ನೇವರಿಸಿದಳು. "ಎದ್ದಿಲ್ವಾ ಇನ್ನೂ?"

"ಇಲ್ಲ."

"ಹೆಸರು ಹಿಡಿದು ಕರಿ ಅಣ್ಣಾ. ಅತ್ತಿಗೆ ಕರೆದ್ರೆ ಹೇಗೆ ಓಡಿ ಬರ್ತಿತ್ತು! ನೀನು ಬರೀ ಏಯ್ ಏಯ್ ಅಂತೀಯ. ಏಯ್ ಅಂದ್ರೆ ನಾನೂ ಏಳಲ್ಲ."

ಅವಳು ಹೋದಳು. ಡಬ್ಬಿ ಹಾಗೇ ಇತ್ತು. ಬಿಸಿಲು ಬಾಗಿಲ ಸಂದಿಯಿಂದ ಒಳಗೆ ಬಂದು, ಕಂಬಳಿಯ ಅಂಚು ಮುಟ್ಟಿ, ಗೋಡೆ ಹತ್ತತೊಡಗಿತು. ಸಂಜೆಯಾಗುತ್ತಾ ಬಂದಿತ್ತು. ಎದ್ದು ನಿಲ್ಲದಿದ್ದರೆ ಇನ್ನೊಂದು ಗಾಡಿ, ಇನ್ನೊಂದು ಆಸ್ಪತ್ರೆ, ಮತ್ತೆ ಒಬ್ಬನೇ ಬಂದು ಬೀಗ ತೆಗೆಯಬೇಕು. ಅದು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಅನಿಸಿತು. ಬಹಳ ದಿನಗಳ ಮೇಲೆ ಅವನಿಗೆ ಏನೋ ಒಂದು ಅನಿಸಿದ್ದು ಅದೇ ಮೊದಲು.

"ಏಯ್," ಎಂದ. ಕಿವಿ ಅಲುಗಿತು, ಅಷ್ಟೇ.

ಗಂಟಲು ಸರಿಮಾಡಿಕೊಂಡ. ಆ ಹೆಸರು ಅವನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ನಾಲಿಗೆ ತಡವರಿಸಿತು.

"ಪುಕ್ಕಲಾ..."

ಕೊನೆಯಲ್ಲಿ ಎಳೆದ, ಅವಳು ಎಳೆಯುತ್ತಿದ್ದ ಹಾಗೆಯೇ. ಬೇರೆ ಥರ ಕರೆಯುವುದು ಅವನಿಗೆ ಗೊತ್ತಿರಲಿಲ್ಲ.

ನಾಯಿ ಸರಕ್ಕನೆ ತಲೆಯೆತ್ತಿತು. ಮುಂಗಾಲು ಊರಿತು. ಹಿಂಗಾಲು ನಡುಗಿತು, ಜಾರಿತು, ಮತ್ತೆ ಊರಿತು. ಸೊಂಟ ಮೇಲೆದ್ದಿತು. ನಿಂತಿತು! ಅವನು ಎರಡೂ ಕೈ ಚಾಚಿದ. "ಬಾ, ಬಾರೋ, ಬಾ."

ನಾಯಿ ಆ ಕೈಗಳನ್ನು ದಾಟಿ ಹೋಯಿತು. ಕುಡಿದವರ ಹಾಗೆ ವಾಲಾಡುತ್ತಾ, ಗೋಡೆಗೆ ಮೈ ಆನಿಸಿಕೊಳ್ಳುತ್ತಾ, ಬಾಗಿಲ ತನಕ ಹೋಯಿತು. ಸಂದಿಯಲ್ಲಿ ಮೂತಿ ತೂರಿಸಿ ಓಣಿಯ ತಿರುವಿನ ಕಡೆ ನೋಡುತ್ತಾ ನಿಂತು, ಬಾಲ ಆಡಿಸತೊಡಗಿತು.

ಮೂಗಣ್ಣನ ಕೈಗಳು ಚಾಚಿದ ಹಾಗೇ ಉಳಿದವು. ಹೋಗ್ಬಿಟ್ಟಳು ಎಂದು ನೆಂಟರಿಗೆ ಹೇಳಿದ್ದ, ಸಾಹುಕಾರರಿಗೆ ಹೇಳಿದ್ದ, ಪಕ್ಕದ ಮನೆಗೆ, ಹಾಲಿನವನಿಗೆ, ನಿನ್ನೆ ಡಾಕ್ಟರಮ್ಮನಿಗೂ ಹೇಳಿದ್ದ. ಇದೊಂದಕ್ಕೆ ಯಾರೂ ಹೇಳಿರಲಿಲ್ಲ.

ಎದ್ದು ಹೋಗಲು ಅವನ ಕಾಲೂ ಬರಲಿಲ್ಲ. ಮಂಡಿಯೂರಿ, ತೆವಳಿಕೊಂಡೇ ಬಾಗಿಲಿಗೆ ಹೋಗಿ, ನಡುಗುತ್ತಿದ್ದ ಆ ಸೊಂಟಕ್ಕೆ ಕೈ ಆಸರೆ ಕೊಟ್ಟು ಪಕ್ಕದಲ್ಲಿ ಕೂತ.

"ನಾನು ಕಣೋ ಕರೆದಿದ್ದು," ಎಂದ. "ಅವಳಲ್ಲ. ಅವಳು ಬರಲ್ಲ, ಪುಕ್ಕಲಾ. ಸತ್ತೋದಳು ಕಣೋ ಅವಳು."

ಸತ್ತಳು ಎನ್ನುವ ಆ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಮೇಲೆ ಎದೆಯಲ್ಲಿ ಎಲ್ಲೋ ಚುಚ್ಚಿತು, ಜೋಮು ಬಿಡುವಾಗ ಚುಚ್ಚುತ್ತದಲ್ಲ ಹಾಗೆ, ಆಮೇಲೆ ಎಲ್ಲ ಕಡೆಯೂ ಚುಚ್ಚಿತು. ಅವನು ನಾಯಿಯ ಬೆನ್ನಿಗೆ ಮುಖ ಒತ್ತಿ, ಬಾಯಿ ಬಿಟ್ಟು, ಮಗುವಿನ ಹಾಗೆ ದನಿ ತೆಗೆದು ಅತ್ತ.

ನಾಯಿ ಬಾಗಿಲು ಬಿಟ್ಟು ಕದಲಲಿಲ್ಲ. ಅದರ ಬಾಲ ಇನ್ನೂ ಆಡುತ್ತಲೇ ಇತ್ತು.